ಊದಿದ ಕಿವಿಗೆ ಸೂಜಿಯಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಕುಸ್ತಿ, ಕಬಡ್ಡಿ, ಜೂಡೊ ಆಡುವವರ ಕಿವಿಗೆ ಪೆಟ್ಟು ಬಿದ್ದು ರಕ್ತ ತುಂಬಿ ಊದಿಕೊಂಡಾಗ ಗರಡಿ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಪೈಲ್ವಾನನೆಂದರೆ ಕಿವಿ ಹೀಗೇ ಇರಬೇಕು ಎಂದು ಸುಮ್ಮನೆ ಬಿಡುತ್ತಾರೆ. ಇಲ್ಲವೇ ಅನುಭವಸ್ಥರೊಬ್ಬರು ಮೆಡಿಕಲ್ ಶಾಪಿನಿಂದ ಸಿರಿಂಜು ತರಿಸಿ, ರಕ್ತ ಎಳೆದು, ಮೇಲೊಂದು ಪ್ಲಾಸ್ಟರ್ ಅಂಟಿಸಿ ಕಳಿಸುತ್ತಾರೆ. ಮಾರನೆಯ ದಿನ ಕಿವಿ ಮತ್ತೆ ಮೊದಲಿನಷ್ಟೇ ಊದಿರುತ್ತದೆ. ಇನ್ನೊಮ್ಮೆ ಎಳೆಯುತ್ತಾರೆ, ಮತ್ತೂ ಊದುತ್ತದೆ. ಮೂರನೆಯ ಸಲ ಸೂಜಿ ಹಾಕಿದಾಗ ಏನೂ ಬರುವುದಿಲ್ಲ. ಬಾವು ಕರಗಿತು ಎಂದು ಅವರು ತಿಳಿಯುತ್ತಾರೆ. ನಿಜವಾಗಿ ಆಗಿರುವುದು ಬೇರೆ: ಒಳಗಿನ ರಕ್ತ ಹೆಪ್ಪುಗಟ್ಟಿದೆ.

ಜಾತ್ರೆ ಕುಸ್ತಿಗಳು ಸಾಲಾಗಿ ಬರುವ ದಿನಗಳಲ್ಲಿ ಈ ವಿಷಯ ನಿಮ್ಮ ಪತ್ರಿಕೆಯ ಮೂಲಕ ಉಸ್ತಾದರಿಗೆ, ತರಬೇತುದಾರರಿಗೆ, ತಾಲ್ಲೂಕು ಆಸ್ಪತ್ರೆಗಳ ಕಿರಿಯ ವೈದ್ಯರಿಗೆ ತಲುಪಲಿ ಎಂದು ಬರೆಯುತ್ತಿದ್ದೇವೆ. ಹೇಳಬೇಕಾದದ್ದು ಒಂದೇ. ರಕ್ತ ತೆಗೆಯುವುದು ಅರ್ಧ ಕೆಲಸ. ತೆಗೆದ ಜಾಗ ಮತ್ತೆ ತುಂಬದಂತೆ ಸುಮಾರು ಒಂದು ವಾರ ಒತ್ತಿಹಿಡಿಯುವುದು ಉಳಿದ ಅರ್ಧ. ಸೋಲುವುದು ಬಹುತೇಕ ಈ ಎರಡನೆಯದರಲ್ಲೇ.

ಹೊರಕಿವಿಯ ರಚನೆ ಗೊತ್ತಾದರೆ ಕಾರಣವೂ ಗೊತ್ತಾಗುತ್ತದೆ. ಓಲೆ ಹಾಕುವ ಕಿವಿಹಾಲೆಯನ್ನು ಬಿಟ್ಟರೆ ಉಳಿದ ಕಿವಿಗೆಲ್ಲ ಆಕಾರ ಕೊಡುವುದು ಒಂದು ತೆಳು ಮೃದ್ವಸ್ಥಿಯ ಹಾಳೆ. ಅದರೊಳಗೆ ರಕ್ತನಾಳಗಳಿಲ್ಲ. ಅದನ್ನು ಎರಡೂ ಕಡೆಯಿಂದ ಅಪ್ಪಿಕೊಂಡ ಪೆರಿಕಾಂಡ್ರಿಯಂ ಎಂಬ ಪೊರೆಯಲ್ಲಿ ರಕ್ತ ಹರಿಯುತ್ತದೆ. ಅಲ್ಲಿಂದ ಒಸರಿ ಬರುವ ಪೋಷಣೆಯೇ ಮೃದ್ವಸ್ಥಿಗೆ ಆಧಾರ. ಕಿವಿಯ ಹಿಂಬದಿಯಲ್ಲಿ ಚರ್ಮದ ಕೆಳಗೆ ಸ್ವಲ್ಪ ಕೊಬ್ಬು, ಸಡಿಲ ಅಂಗಾಂಶ ಇರುವುದರಿಂದ ಚರ್ಮ ಅತ್ತಿತ್ತ ಜಾರುತ್ತದೆ. ಮುಂಬದಿಯಲ್ಲಿ ಆ ಅವಕಾಶವಿಲ್ಲ, ಚರ್ಮ ಪೊರೆಗೆ ಬಿಗಿಯಾಗಿ ಅಂಟಿದೆ. ಎದುರಾಳಿಯ ತಲೆ ಉಜ್ಜಿದಾಗ, ಮೊಣಕೈ ತಾಗಿದಾಗ, ಕತ್ತಿನ ಹಿಡಿತದಿಂದ ತಲೆ ಕಿತ್ತುಕೊಳ್ಳುವಾಗ ಚರ್ಮವೂ ಪೊರೆಯೂ ಒಟ್ಟಿಗೆ ಎಳೆದು ಮೃದ್ವಸ್ಥಿಯಿಂದ ಬೇರ್ಪಡುತ್ತವೆ. ಪೊರೆಯ ಸಣ್ಣ ನಾಳಗಳು ಹರಿದು ಆ ಸಂದಿಗೆ ರಕ್ತ ಇಳಿಯುತ್ತದೆ. ನೇರ ಗುದ್ದಿಗಿಂತ ಈ ಉಜ್ಜುವ, ಜಾರಿಸುವ ಬಲವೇ ಹೆಚ್ಚು ಅಪಾಯಕಾರಿ. ಕುಸ್ತಿಯವರಲ್ಲಿ ಇದು ಇಷ್ಟು ಸಾಮಾನ್ಯವಾಗಿರಲು ಅದೇ ಕಾರಣ.

ಮುಂದಿನದು ಎರಡು ದಾರಿಯಲ್ಲಿ ಕೆಡುತ್ತದೆ. ಪೊರೆ ದೂರ ಸರಿದ ಕಡೆ ಮೃದ್ವಸ್ಥಿಗೆ ಪೋಷಣೆ ತಪ್ಪಿ ಅದು ಸಾಯತೊಡಗುತ್ತದೆ. ಇನ್ನೊಂದೆಡೆ, ಎದ್ದುನಿಂತ ಪೊರೆಯ ಜೀವಕೋಶಗಳು ಹೆಪ್ಪುಗಟ್ಟಿದ ರಕ್ತದ ಮೇಲೆ ಹೊಸ ಮೃದ್ವಸ್ಥಿಯನ್ನೂ ನಾರು ಅಂಗಾಂಶವನ್ನೂ ಅಂಕುಡೊಂಕಾಗಿ ಕಟ್ಟುತ್ತವೆ. ಕೆಲವು ವಾರಗಳಲ್ಲಿ ಕಿವಿ ಹೂಕೋಸಿನಂತೆ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಆಮೇಲೆ ಸೂಜಿಯೂ ಇಲ್ಲ, ಪಟ್ಟಿಯೂ ಇಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚುವರಿ ಬೆಳವಣಿಗೆಯನ್ನು ಕೆತ್ತಿ ತೆಗೆಯಬೇಕು, ಅದೂ ಹಳೆಯ ರೂಪವನ್ನು ಪೂರ್ತಿ ತಂದುಕೊಡುವುದಿಲ್ಲ. ಮುದುಡಿದ ಕಿವಿ ಪೈಲ್ವಾನನ ಗುರುತು ಎಂಬ ಹೆಮ್ಮೆ ನಮಗೂ ಅರ್ಥವಾಗುತ್ತದೆ. ಆದರೆ ಕಿವಿರಂಧ್ರದ ಸುತ್ತಲಿನ ಬಟ್ಟಲಿನಂಥ ತಗ್ಗಿನಲ್ಲಿ ಗಂಟು ಬೆಳೆದು ಕಿವಿಯ ದ್ವಾರ ಕಿರಿದಾದರೆ ಗುಗ್ಗೆ ಒಳಗೇ ನಿಲ್ಲುತ್ತದೆ, ಕೇಳುವುದು ಮಂದವಾಗುತ್ತದೆ, ಮುಂದೆ ವಯಸ್ಸಾದಾಗ ಶ್ರವಣಯಂತ್ರ ಬೇಕಾದರೆ ಅದು ಕೂರುವುದೇ ಕಷ್ಟ. ಇದನ್ನೂ ಹುಡುಗರಿಗೆ ಹೇಳಿ, ಆಮೇಲೆ ಅವರೇ ತೀರ್ಮಾನಿಸಲಿ.

ಗುರುತಿಸುವುದು ಕಷ್ಟವಲ್ಲ. ಪೆಟ್ಟಾದ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಮಾರನೆಯ ಬೆಳಿಗ್ಗೆಗೆ, ಕಿವಿಯ ಮುಂಬದಿಯ ಮೇಲ್ಭಾಗದಲ್ಲೋ ಬಟ್ಟಲಿನಲ್ಲೋ ನುಣುಪಾದ ಉಬ್ಬು ಏಳುತ್ತದೆ. ಒತ್ತಿದರೆ ಒಳಗೆ ದ್ರವ ಇರುವುದು ಬೆರಳಿಗೆ ತಿಳಿಯುತ್ತದೆ. ಬಣ್ಣ ಕೆಂಪೋ ನೀಲಿಯೋ ಇರಬಹುದು, ಚರ್ಮದ ಬಣ್ಣವೇ ಇರಲೂಬಹುದು. ಕಿವಿಯ ಏರುತಗ್ಗುಗಳು ಅಳಿಸಿಹೋಗಿದ್ದರೆ ಅದು ಬರೀ ಕಂದಿದ ಗಾಯವಲ್ಲ. ಅನುಮಾನವಿದ್ದರೆ ಇನ್ನೊಂದು ಕಿವಿಯ ಪಕ್ಕಕ್ಕಿಟ್ಟು ನೋಡಿ.

ಗರಡಿಯಲ್ಲೇ ಮಾಡಬಹುದಾದದ್ದು ಬಹಳವಿಲ್ಲ. ಆಟ ಅಲ್ಲಿಗೇ ನಿಲ್ಲಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10ರಿಂದ 15 ನಿಮಿಷ ಹದವಾಗಿ ಒತ್ತಿಹಿಡಿಯಬೇಕು, ಮೊದಲ ಕೆಲವು ಗಂಟೆ ಆಗಾಗ ಹೀಗೆ ಮಾಡಬಹುದು. ಇದರಿಂದ ಹೊಸ ರಕ್ತ ಇಳಿಯುವುದು ತಗ್ಗುತ್ತದೆ, ನೋವು ಕಡಿಮೆಯಾಗುತ್ತದೆ. ಆಗಲೇ ತುಂಬಿದ ರಕ್ತವನ್ನು ಮಂಜುಗಡ್ಡೆ ಕರಗಿಸುವುದಿಲ್ಲ. ಬಿಸಿ ಶಾಖ, ಎಣ್ಣೆ ಹಚ್ಚಿ ನೀವುವುದು ಎರಡೂ ರಕ್ತಸ್ರಾವ ಹೆಚ್ಚಿಸುತ್ತವೆ. ಅರಿಶಿನ ಸುಣ್ಣದ ಪಟ್ಟು ಒಳಗಿನ ರಕ್ತಕ್ಕೆ ಏನೂ ಮಾಡದು. ಎಳೆದು ತೆಳ್ಳಗಾದ ಆ ಚರ್ಮವನ್ನು ಸುಣ್ಣ ಸುಡಬಹುದು, ಆಮೇಲೆ ವೈದ್ಯರು ಕೊಯ್ಯಬೇಕಾದ ಚರ್ಮವೂ ಅದೇ. ನೋವಿಗೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್ ಬೇಡ, ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ.

ಇನ್ನು ಗರಡಿಯ ಸಿರಿಂಜಿನ ಮಾತು. ಒಂದೇ ಸೂಜಿಯನ್ನು ಇಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಲ್ಲವು. ಹೊಸ ಸೂಜಿಯೇ ಆದರೂ, ಬೆವರು ಮಣ್ಣು ಮೆತ್ತಿದ ಚರ್ಮದ ಮೂಲಕ ಅದು ಹೋಗುವುದು ರಕ್ತ ಸಂಚಾರವೇ ಇಲ್ಲದ ಮೃದ್ವಸ್ಥಿಯ ಪಕ್ಕಕ್ಕೆ. ಅಲ್ಲಿ ಕೀಟಾಣು ಸೇರಿದರೆ ಹೋರಾಡಲು ದೇಹಕ್ಕೂ ದಾರಿ ಕಡಿಮೆ, ಮದ್ದಿಗೂ ದಾರಿ ಕಡಿಮೆ. ಈ ಒಂದು ವಿಷಯದಲ್ಲಿ ನಮ್ಮಲ್ಲಿ ರಾಜಿ ಇಲ್ಲ.

ಆಸ್ಪತ್ರೆಗೆ ಹೋಗಬೇಕಾದದ್ದು 24 ಗಂಟೆಯೊಳಗೆ, ತಡವೆಂದರೆ 48 ಗಂಟೆಯೊಳಗೆ. ಏಳು ದಿನದವರೆಗೂ ಕೊಯ್ದು ತೆಗೆಯಲು ಪ್ರಯತ್ನಿಸಬಹುದು, ಫಲ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತದೆ. ಏಳರಿಂದ ಹತ್ತು ದಿನ ದಾಟಿದ ಮೇಲೆ ಒಳಗೆ ಹೊಸ ಅಂಗಾಂಶ ಬೆಳೆದಿರುತ್ತದೆ. ಅಂಥವರನ್ನು ತಾಲ್ಲೂಕು ಮಟ್ಟದಲ್ಲಿ ಮುಟ್ಟದೆ ಕಿವಿ-ಮೂಗು-ಗಂಟಲು ತಜ್ಞರಿಗೋ ಪ್ಲಾಸ್ಟಿಕ್ ಸರ್ಜನ್‌ಗೋ ಕಳಿಸುವುದು ಸರಿ.

ಇನ್ನು ಆಸ್ಪತ್ರೆಯ ವೈದ್ಯರಿಗೆ. ಕಿವಿಗೆ ಕೈಹಾಕುವ ಮುನ್ನ ತಲೆ ನೋಡಬೇಕು. ಪ್ರಜ್ಞೆ ತಪ್ಪಿತ್ತೇ, ವಾಂತಿಯಾಯಿತೇ, ಕಿವಿಯ ರಂಧ್ರದಿಂದ ರಕ್ತವೋ ತಿಳಿನೀರೋ ಬರುತ್ತಿದೆಯೇ, ಕಿವಿಯ ಹಿಂದಿನ ಎಲುಬಿನ ಮೇಲೆ ಕಪ್ಪು ಕಲೆ ಮೂಡಿದೆಯೇ, ಮುಖದ ಒಂದು ಪಕ್ಕ ಜೋತಿದೆಯೇ? ಇವುಗಳಲ್ಲಿ ಒಂದಿದ್ದರೂ ಮೊದಲು ತಲೆಬುರುಡೆಯ ಚಿಂತೆ, ಕಿವಿಯ ಬಾವು ಆಮೇಲೆ. ಕಿವಿಯೊಳಗಿನ ತಮಟೆ ಹರಿದಿಲ್ಲವೆಂದು ಓಟೋಸ್ಕೋಪಿನಲ್ಲಿ (ಕಿವಿಯೊಳಗೆ ನೋಡುವ ದೀಪದ ಉಪಕರಣ) ನೋಡಿ, ಕೇಳಿಸುವುದು ಹೇಗಿದೆ ಎಂದು ವಿಚಾರಿಸಿ ಬರೆದಿಡಬೇಕು.

ಮರಗಟ್ಟಿಸುವುದಕ್ಕೆ ಅಡ್ರಿನಲಿನ್ ಬೆರೆಸದ ಲಿಗ್ನೊಕೇನ್ ಸಾಕು. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಶೇ 2ರದು. ಅಷ್ಟೇ ಪ್ರಮಾಣದ ನಾರ್ಮಲ್ ಸಲೈನ್ ಬೆರೆಸಿದರೆ ಶೇ 1 ಆಗುತ್ತದೆ. ಕಿವಿ ತಲೆಗೆ ಸೇರುವ ಬುಡದ ಸುತ್ತ, ಕೆಳಗಿನಿಂದ ಹಿಂದಕ್ಕೂ ಮುಂದಕ್ಕೂ, ಮೇಲಿನಿಂದ ಹಾಗೆಯೇ, ಚರ್ಮದಡಿಯಲ್ಲಿ ಸುಮಾರು 10 ಮಿ.ಲೀ. ಹರಡಬೇಕು. ಪ್ರತಿ ಸಲ ಚುಚ್ಚಿದಾಗಲೂ ಮೊದಲು ಸಿರಿಂಜನ್ನು ಹಿಂದೆಳೆದು ರಕ್ತ ಬರುತ್ತದೆಯೇ ಎಂದು ನೋಡಬೇಕು, ಕಿವಿಯ ಮುಂದೆಯೇ ಮಿಡಿಯುವ ರಕ್ತನಾಳವಿದೆ. ಗರಿಷ್ಠ ಪ್ರಮಾಣ ಕೆ.ಜಿ. ತೂಕಕ್ಕೆ 4.5 ಮಿ.ಗ್ರಾಂ. 60 ಕೆ.ಜಿ.ಯವರಿಗೆ 270 ಮಿ.ಗ್ರಾಂ., ಅಂದರೆ ಶೇ 1ರದು 27 ಮಿ.ಲೀ.; ಹಾಗಾಗಿ ದೊಡ್ಡವರಲ್ಲಿ ಮಿತಿ ಮೀರುವ ಭಯವಿಲ್ಲ, ಮಕ್ಕಳಲ್ಲಿ ಲೆಕ್ಕ ಹಾಕಲೇಬೇಕು. 5ರಿಂದ 10 ನಿಮಿಷ ಕಾಯಬೇಕು. ಹೀಗೆ ಸುತ್ತ ಹಾಕಿದರೂ ಬಟ್ಟಲಿನ ಭಾಗ ಮರಗಟ್ಟದೆ ಉಳಿಯುತ್ತದೆ, ಏಕೆಂದರೆ ಅಲ್ಲಿಗೆ ಬರುವುದು ವೇಗಸ್ ನರದ ಕವಲು. ಅಲ್ಲಿ ಕೊಯ್ಯುವುದಿದ್ದರೆ ಆ ಜಾಗಕ್ಕೇ ಒಂದಿಷ್ಟು ಹಾಕಬೇಕು. ಇದನ್ನು ಮರೆತು, ಹುಡುಗ ಹೆದರಿ ಒದ್ದಾಡುತ್ತಿದ್ದಾನೆ ಎಂದು ಗದರುವುದು ಬೇಡ.

ಬಾವು 2 ಸೆಂ.ಮೀ.ಗಿಂತ ಚಿಕ್ಕದಿದ್ದು, 48 ಗಂಟೆಯೊಳಗಿನದಾಗಿದ್ದರೆ ಸೂಜಿಯಿಂದ ಎಳೆದು ನೋಡಬಹುದು. ಗುಲಾಬಿ ಹಿಡಿಯ 18 ನಂಬರ್ ಸೂಜಿ, 10 ಮಿ.ಲೀ. ಸಿರಿಂಜು ಬೇಕು, ಸಣ್ಣ ಸೂಜಿಯಲ್ಲಿ ಅರೆಹೆಪ್ಪು ರಕ್ತ ಬರುವುದಿಲ್ಲ. ಅತಿ ಹೆಚ್ಚು ಉಬ್ಬಿದ ಕಡೆ ಚುಚ್ಚಿ, ಎಳೆಯುತ್ತಿರುವಾಗಲೇ ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳುಗಳಿಂದ ಬಾವನ್ನು ಹಿಂಡುತ್ತ ಬರಬೇಕು. ಪೂರ್ತಿ ಚಪ್ಪಟೆಯಾಗದಿದ್ದರೆ ಒಳಗೆ ಗರಣೆ (ಹೆಪ್ಪುಗಟ್ಟಿದ ರಕ್ತ) ಉಳಿದಿದೆ ಎಂದರ್ಥ. ಮತ್ತೆ ಮತ್ತೆ ಚುಚ್ಚುವ ಬದಲು ಕೊಯ್ಯುವುದೇ ಲೇಸು.

2 ಸೆಂ.ಮೀ. ಮೀರಿದ, ಎರಡು ದಿನ ದಾಟಿದ, ಅಥವಾ ಒಮ್ಮೆ ಎಳೆದ ಮೇಲೆ ಮತ್ತೆ ತುಂಬಿದ ಬಾವಿಗೆ ಕೊಯ್ತವೇ ಮೊದಲ ಆಯ್ಕೆ. 15 ನಂಬರ್ ಬ್ಲೇಡಿನಲ್ಲಿ, ಕಿವಿಯ ಅಂಚಿನ ಸುರುಳಿಯ ಒಳತಗ್ಗಿನಲ್ಲಿ, ಅದರ ಬಾಗಿಗೆ ಸಮಾನಾಂತರವಾಗಿ ಕೊಯ್ದರೆ ಕಲೆ ನೆರಳಿನಲ್ಲಿ ಮರೆಯಾಗುತ್ತದೆ. ಉದ್ದ ಒಂದು ಸೆಂ.ಮೀ. ಆಸುಪಾಸು ಸಾಕು. ಬ್ಲೇಡು ಚರ್ಮ ಮತ್ತು ಪೊರೆಯಷ್ಟನ್ನೇ ದಾಟಬೇಕು. ಮೃದ್ವಸ್ಥಿಗೆ ಇಳಿಯಬಾರದು. ಮೊಂಡು ತುದಿಯ ಆರ್ಟರಿ ಫೋರ್ಸೆಪ್ಸ್ ಒಳಗಿಟ್ಟು ನವಿರಾಗಿ ಬಾಯಿ ಅಗಲಿಸಿದರೆ ಒಳಗಿನ ಗೂಡುಗಳು ಒಡೆದು ಗರಣೆ ಹೊರಬರುತ್ತದೆ. ಸಿರಿಂಜಿನಿಂದ ಸಲೈನ್ ಹಾಯಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬಳಿಕ ಎರಡು ಬೆರಳ ನಡುವೆ ಕಿವಿಯನ್ನು ಐದು ನಿಮಿಷ ಒತ್ತಿಹಿಡಿಯಬೇಕು. ಗಡಿಯಾರ ನೋಡಿ ಐದು ನಿಮಿಷ, ಅಂದಾಜಿನದಲ್ಲ.

ಈಗ ಒತ್ತುಪಟ್ಟಿ. ಪೆಟ್ಟಿನ ಕಿವಿಗಳಲ್ಲಿ ಮರಳಿ ಬಾವು ಬರುವುದು ಇಲ್ಲಿ ಮಾಡುವ ಅವಸರದಿಂದ. ಕಿವಿ ಸಮತಟ್ಟಲ್ಲ. ಮೇಲೊಂದು ಗಾಜ್ ಇಟ್ಟು ತಲೆಸುತ್ತ ಬ್ಯಾಂಡೇಜ್ ಸುತ್ತಿದರೆ ಒತ್ತಡ ಬೀಳುವುದು ದಿಣ್ಣೆಗಳ ಮೇಲೆ, ರಕ್ತ ತುಂಬುವ ತಗ್ಗುಗಳ ಮೇಲಲ್ಲ. ಆದ್ದರಿಂದ ಪ್ಯಾರಫಿನ್ ಗಾಜ್‌ನ, ಅಥವಾ ಮುಪಿರೋಸಿನ್ ಮುಲಾಮು ಹಚ್ಚಿದ ಗಾಜ್‌ನ ಸಣ್ಣ ಚೂರುಗಳನ್ನು ಮುಂಬದಿಯ ಪ್ರತಿ ತಗ್ಗಿಗೂ ತುಂಬಬೇಕು. ರಂಧ್ರದ ಬಾಯಿಗೆ ಮೊದಲೇ ಒಂದು ಹತ್ತಿಯುಂಡೆ ಇಟ್ಟುಕೊಂಡರೆ ರಕ್ತ ಒಳಗಿಳಿಯದು. ಕಿವಿಯ ಹಿಂದೆ, ತಲೆಗೂ ಕಿವಿಗೂ ನಡುವೆ, ಮಡಚಿದ ಗಾಜ್‌ನ ಮೆತ್ತೆ ಬೇಕೇ ಬೇಕು, ಇಲ್ಲದಿದ್ದರೆ ಸುತ್ತಿದ ಬ್ಯಾಂಡೇಜ್ ಕಿವಿಯನ್ನು ತಲೆಗೆ ಅದುಮಿ ಮಡಚಿಬಿಡುತ್ತದೆ. ಇಷ್ಟಾದ ಮೇಲೆ ಸುತ್ತುಪಟ್ಟಿ.

ತಲೆಯ ಸುತ್ತುಪಟ್ಟಿ ಒಂದು ವಾರ ಜಾಗ ಬಿಡದೆ ಕೂರುವುದು ಅಪರೂಪ. ರಾತ್ರಿ ಜಾರುತ್ತದೆ, ಬೆವರಿಗೆ ಸಡಿಲುತ್ತದೆ. ಹಾಗಾಗಿ ಕೊಯ್ದವರಿಗಂತೂ ಹೊಲಿಗೆ ಹಾಕಿ ಕಟ್ಟುವುದೇ ನಮ್ಮ ಆಯ್ಕೆ. ಹಲ್ಲಿನ ವೈದ್ಯರು ಬಾಯೊಳಗೆ ಇಡುವ ಹತ್ತಿಯ ಸುರುಳಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ: ಅಗ್ಗ, ಎಲ್ಲ ಊರಲ್ಲೂ ಸಿಗುತ್ತವೆ. ಬಾವಿದ್ದ ಜಾಗದ ಮುಂದೊಂದು ಸುರುಳಿ, ಹಿಂದೊಂದು ಸುರುಳಿ. 3-0 ಅಥವಾ 4-0 ನೈಲಾನ್ ದಾರವನ್ನು ಮುಂದಿನಿಂದ ಕಿವಿಯ ಪೂರ್ತಿ ದಪ್ಪ ದಾಟಿಸಿ, ಹಿಂದಿನ ಸುರುಳಿಯನ್ನು ಬಳಸಿ, ಮತ್ತೆ ಮುಂದಕ್ಕೆ ತಂದು ಮುಂದಿನ ಸುರುಳಿಯ ಮೇಲೆ ಗಂಟು ಹಾಕಬೇಕು. ಬಾವಿನ ಅಗಲ ನೋಡಿ ಎರಡೋ ಮೂರೋ ಹೊಲಿಗೆ. ಸುರುಳಿಯ ಬದಲು ಸಿಲಿಕಾನ್ ಹಾಳೆ, ಸೋಂಕುರಹಿತಗೊಳಿಸಿದ ಅಂಗಿಗುಂಡಿಯನ್ನೂ ಬಳಸಿದವರಿದ್ದಾರೆ. ಸುರುಳಿಯೇ ಇಲ್ಲದೆ, ಕರಗುವ ದಾರದಿಂದ ಮುಂದಿನ ಚರ್ಮವನ್ನೂ ಮೃದ್ವಸ್ಥಿಯನ್ನೂ ಕೌದಿ ಹೊಲಿಗೆ ಹಾಕಿ ಕೂಡಿಸುವ ವಿಧಾನವೂ ಇದೆ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲು ಎಂದು ಅಳೆದು ತೋರಿಸುವಂಥ ಒಳ್ಳೆಯ ಪ್ರಯೋಗಗಳು ನಡೆದಿಲ್ಲ, ಹಾಗಾಗಿ ವೈದ್ಯರು ತಮ್ಮ ಕೈಗೆ ಪಳಗಿದ್ದನ್ನು ಮಾಡಲಿ. ಯಾವುದನ್ನೂ ಮಾಡದೆ ಕಳಿಸುವುದು ಮಾತ್ರ ಬೇಡ.

ಗಂಟು ಎಷ್ಟು ಬಿಗಿಯಿರಬೇಕು? ಸುರುಳಿ ಚರ್ಮಕ್ಕೆ ಒತ್ತಿ ಕೂರಬೇಕು, ಚರ್ಮದಲ್ಲಿ ಹೂತು ಅಂಚು ಬಿಳುಚಿಕೊಳ್ಳಬಾರದು. ಅತಿ ಬಿಗಿಯಾದರೆ ಅಡಿಯ ಚರ್ಮ ಸತ್ತು ಹುಣ್ಣಾಗುತ್ತದೆ, ಅದರಡಿಯ ಮೃದ್ವಸ್ಥಿ ಬಯಲಾಗುತ್ತದೆ. ಮರಗಟ್ಟಿದ ಕಿವಿ ನೋವು ಹೇಳದು. ಅದಕ್ಕೇ ಕಟ್ಟಿದ 24 ಗಂಟೆಯ ಬಳಿಕ ಒಂದು ಸಲ ಬಂದು ತೋರಿಸುವುದು ಕಡ್ಡಾಯ. ಆಮೇಲೂ ಮೂರು ನಾಲ್ಕು ದಿನ ದಿನವೂ ಯಾರಾದರೂ ನೋಡಿದರೆ ಒಳ್ಳೆಯದು. ಮನೆಗೆ ಹೋದ ಮೇಲೆ ನೋವು ಇಳಿಯುತ್ತ ಬರಬೇಕು. ಏರುತ್ತ ಹೋದರೆ ಮಾತ್ರೆ ನುಂಗಿ ಮಲಗದೆ ಅಂದೇ ಬರಬೇಕು. ಮತ್ತೆ ತುಂಬಿದ್ದರೆ ಅದೇ ಕೊಯ್ತವನ್ನು ತೆರೆದು ತೊಳೆದು ಇನ್ನೊಮ್ಮೆ ಕಟ್ಟಬೇಕು. ಎಲ್ಲ ಸರಿಯಿದ್ದರೆ ಏಳನೆಯ ದಿನ ಸುರುಳಿ, ಹೊಲಿಗೆ ಬಿಚ್ಚಬಹುದು. ಮೂರನೆಯ ದಿನ ತುರಿಕೆ ಎಂದು ತಾವೇ ಕತ್ತರಿ ಹಿಡಿಯುವ ಹುಡುಗರ ಮೇಲೆ ಮನೆಯವರು ಕಣ್ಣಿಡಬೇಕು.

ಆ ವಾರ ತಲೆಗೆ ನೀರು ಬೇಡ. ಮಲಗುವುದು ಇನ್ನೊಂದು ಮಗ್ಗುಲಿಗೆ, ಫೋನು ಇನ್ನೊಂದು ಕಿವಿಗೆ. ಸುರುಳಿ ಕಟ್ಟಿದ ಕಿವಿಯ ಮೇಲೆ ಹೆಲ್ಮೆಟ್ ಹಾಕಲಾಗದು, ಹೆಲ್ಮೆಟ್ ಇಲ್ಲದೆ ಬೈಕ್ ಹತ್ತುವಂತಿಲ್ಲ. ಹಿಂದೆ ಕೂರುವುದೂ ಬೇಡ, ಬಸ್ಸಿಗೆ ಬನ್ನಿ. ಮೊದಲ ಎರಡು ಮೂರು ದಿನ ದಂಡ, ಬಸ್ಕಿಯನ್ನೂ ಬಿಡಬೇಕು, ಉಸಿರುಕಟ್ಟಿ ಶ್ರಮಿಸಿದರೆ ತಲೆಗೆ ರಕ್ತದೊತ್ತಡ ಏರಿ ಮತ್ತೆ ಒಸರಬಹುದು. ಆಮೇಲೆ ನಡಿಗೆ, ನಿಧಾನದ ಓಟ ಆಗಬಹುದು. ಜೊತೆಗಾರನ ಮೈಗೆ ಮೈ ತಾಗಿಸುವ ಅಭ್ಯಾಸ ಸುರುಳಿ ಬಿಚ್ಚುವವರೆಗೆ ಖಂಡಿತ ಬೇಡ, ಬಿಚ್ಚಿದ ಮೇಲೂ ಇನ್ನೊಂದು ವಾರ ತಡೆದು, ಕಿವಿಗವಸು ಹಾಕಿಕೊಂಡೇ ಇಳಿಯಬೇಕು. ಮುಂದಿನ ಭಾನುವಾರ ಜೋಡಿ ಗೊತ್ತಾಗಿದೆ, ಇನಾಮು ದೊಡ್ಡದಿದೆ ಎಂಬ ವಾದ ನಮಗೆ ಹೊಸದಲ್ಲ. ಆ ಜೋಡಿ ಬಿಡಲೇಬೇಕು.

ಆ್ಯಂಟಿಬಯಾಟಿಕ್ ಎಲ್ಲರಿಗೂ ಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಭಿನ್ನಾಭಿಪ್ರಾಯವಿದೆ. ಕೊಯ್ದು, ಹೊಲಿದು ಕಟ್ಟಿದವರಿಗೆ ಕೆಲವು ದಿನ ಕೊಡುವುದು ರೂಢಿ. ಚರ್ಮದ ಸ್ಟೆಫೈಲೊಕಾಕಸ್ ಜೊತೆಗೆ ಕಿವಿಯ ಮೃದ್ವಸ್ಥಿಯನ್ನು ಕಾಡುವ ಕೀಟಾಣು ಸ್ಯೂಡೊಮೊನಾಸ್. ಸಾಮಾನ್ಯವಾಗಿ ಬರೆಯುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅದಕ್ಕೆ ನಾಟುವುದಿಲ್ಲ. ನಾಟುವ ಸಿಪ್ರೊಫ್ಲಾಕ್ಸಸಿನ್ ಸ್ನಾಯುರಜ್ಜುಗಳಿಗೆ ಹಾನಿ ಮಾಡಬಲ್ಲದು, ಕ್ರೀಡಾಪಟುಗಳಿಗೂ ಬೆಳೆಯುವ ಮಕ್ಕಳಿಗೂ ಯೋಚಿಸಿ ಕೊಡಬೇಕಾದ ಮದ್ದು. ಇಡೀ ಕಿವಿ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ಚೀರುವಷ್ಟು ನೋವಿದ್ದು, ಕಿವಿಹಾಲೆ ಮಾತ್ರ ಸಹಜವಾಗಿದ್ದರೆ ಮೃದ್ವಸ್ಥಿಯ ಪೊರೆಗೆ ಸೋಂಕು ತಗುಲಿದೆ. ಮೃದ್ವಸ್ಥಿಯಿಲ್ಲದ ಹಾಲೆ ಅದರಿಂದ ಪಾರಾಗಿರುತ್ತದೆ. ಆಗ ಕಾಯುವ ಮಾತೇ ಇಲ್ಲ, ದಾಖಲಿಸಿ ಚಿಕಿತ್ಸೆ ಕೊಡಬೇಕು. ಚರ್ಮ ತರಚಿದ್ದರೆ ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂದೂ ಕೇಳಬೇಕು, ಮಣ್ಣಿನ ಅಖಾಡದವರಲ್ಲಿ ಇದು ಮರೆಯುವ ಪ್ರಶ್ನೆಯಲ್ಲ.

ಪೆಟ್ಟೇ ಬೀಳದೆ, ನೋವೇ ಇಲ್ಲದೆ ಕಿವಿಯ ಮುಂಬದಿ ಊದಿದ್ದರೆ, ಎಳೆದಾಗ ರಕ್ತದ ಬದಲು ಜೇನುಬಣ್ಣದ ತಿಳಿದ್ರವ ಬಂದರೆ, ಅದು ಬೇರೆಯೇ ತೊಂದರೆ. ಅದಕ್ಕೂ ಒತ್ತುಪಟ್ಟಿ ಬೇಕು, ತಜ್ಞರು ನೋಡಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದು ಕಿವಿ ಊದಿಸಿಕೊಳ್ಳುವುದೂ ಉಂಟು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ಚೀಟಿ ಸಮೇತ ಬರಬೇಕು.

ಶಾಲಾ ಮಕ್ಕಳ ಕಿವಿ ಊದಿದ್ದರೆ ಇನ್ನೊಂದು ಪ್ರಶ್ನೆ ಇದೆ. ಕಿವಿ ಹಿಂಡುವುದನ್ನು, ಕಪಾಳಕ್ಕೆ ಹೊಡೆಯುವುದನ್ನು ನಮ್ಮಲ್ಲಿ ಇನ್ನೂ ಶಿಸ್ತು ಎಂದುಕೊಂಡವರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಅಂಗೈ ಕಿವಿಯ ಮೇಲೆ ಬಿದ್ದಾಗ ಒತ್ತಡದ ಗಾಳಿಗೆ ತಮಟೆಯೂ ಹರಿಯಬಹುದು. ಮಗು ಹೇಳುವ ಕಾರಣಕ್ಕೂ ಗಾಯಕ್ಕೂ ಹೊಂದದಿದ್ದರೆ, ಎರಡೂ ಕಿವಿಯಲ್ಲಿ ಕಂದಿದ್ದರೆ, ವೈದ್ಯರು ಮಗುವನ್ನು ಪ್ರತ್ಯೇಕವಾಗಿ ಮಾತಾಡಿಸಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸಬೇಕು.

ತಡೆಯುವ ಉಪಾಯ ಹೊಸದೇನಲ್ಲ: ಕಿವಿಗವಸು. ಅಮೆರಿಕದ ಹೈಸ್ಕೂಲು ಕುಸ್ತಿಯಲ್ಲಿ ಅದು ಕಡ್ಡಾಯ. ಅಂತರರಾಷ್ಟ್ರೀಯ ಕುಸ್ತಿಯ ನಿಯಮವೂ ಲೋಹ, ಗಟ್ಟಿ ಚಿಪ್ಪು ಇಲ್ಲದ ಗವಸಿಗೆ ಅವಕಾಶ ಕೊಡುತ್ತದೆ. ನಮ್ಮ ಹುಡುಗರು ಜಾರುತ್ತದೆ, ಉಸ್ತಾದರ ಕೂಗು ಕೇಳಿಸದು, ನೋಡಿದವರು ನಗುತ್ತಾರೆ ಎನ್ನುತ್ತಾರೆ. ಸ್ಪರ್ಧೆಯ ದಿನ ಬೇಡವಾದರೆ ಬಿಡಲಿ, ಅಭ್ಯಾಸದಲ್ಲಾದರೂ ಹಾಕಲಿ. ಕಿವಿ ಉಜ್ಜುವುದು ಆರು ನಿಮಿಷದ ಪಂದ್ಯಕ್ಕಿಂತ ದಿನದಿನದ ತಾಲೀಮಿನಲ್ಲೇ ಹೆಚ್ಚು. ಗಲ್ಲದ ಪಟ್ಟಿ ಸರಿಯಾಗಿ ಬಿಗಿದರೆ ಜಾರುವುದೂ ಕಡಿಮೆ. ಹೆಣ್ಣುಮಕ್ಕಳು ಓಲೆ, ಮೇಲ್ಗಿವಿಯ ರಿಂಗು ತೆಗೆದಿಟ್ಟೇ ಮ್ಯಾಟ್ ಹತ್ತಬೇಕು.

ಮೈಸೂರು ದಸರಾ ಕುಸ್ತಿಯ ಆಯೋಜಕರಿಂದ ಹಿಡಿದು ಊರ ಜಾತ್ರಾ ಸಮಿತಿಯವರೆಗೆ ಒಂದು ಕೋರಿಕೆ. ಅಖಾಡದ ಪಕ್ಕದ ವೈದ್ಯರ ಮೇಜಿನ ಮೇಲೆ ನೋವಿನ ಸ್ಪ್ರೇ, ಕ್ರೇಪ್ ಬ್ಯಾಂಡೇಜುಗಳ ಜೊತೆ ಮಂಜುಗಡ್ಡೆಯ ಡಬ್ಬಿ, ಕೈಗವಸು, ಪ್ಯಾರಫಿನ್ ಗಾಜ್, ಹತ್ತಿ ಸುರುಳಿ, ಒಂದು ಕಟ್ಟು ಚೀಟಿ ಇರಲಿ. ಅಲ್ಲಿ ಕೊಯ್ಯುವುದು ಬೇಡ. ಕಿವಿ ಊದಿದವನ ಚೀಟಿಯಲ್ಲಿ ಪೆಟ್ಟಾದ ದಿನ, ಗಂಟೆ ಬರೆದು, ಅಂದು ತೆರೆದಿರುವ ಹತ್ತಿರದ ಆಸ್ಪತ್ರೆಯ ಹೆಸರು ಬರೆದು ಕೈಗಿಡಿ. ಜಾತ್ರೆ ಭಾನುವಾರವಿದ್ದರೆ ಹೊರರೋಗಿ ವಿಭಾಗ ಮುಚ್ಚಿರುತ್ತದೆ; ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಲು ಹೇಳಿ, ಸೋಮವಾರಕ್ಕೆ ಕಾಯಿಸಬೇಡಿ.

— ಇಬ್ಬರು ಕಿವಿ-ಮೂಗು-ಗಂಟಲು ವೈದ್ಯರು, ಧಾರವಾಡ